ಸತ್ಯಾಂಶ: ಮ್ಯಾಗ್ನೆಟ್ ಅಂಟಿದರೆ ಸ್ಟೀಲ್ ಪಾತ್ರೆ ನಕಲಿಯೇ?

‘ಸ್ಟೀಲ್ ಪಾತ್ರೆಗೆ ಮ್ಯಾಗ್ನೆಟ್ ಅಂಟಿದರೆ ಅದು ನಕಲಿ, ಬೇಗ ತುಕ್ಕು ಹಿಡಿಯುತ್ತದೆ’ ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಲೇ ಇದೆ. ಇದನ್ನು ನಂಬಿ ಒಳ್ಳೆಯ ಪಾತ್ರೆಯನ್ನು ಸುಮ್ನೆ ಗುಜರಿಗೆ ಹಾಕಬೇಡಿ.

ತುಕ್ಕು ತಡೆಯುವುದು ಕ್ರೋಮಿಯಂ. ಕಬ್ಬಿಣಕ್ಕೆ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಬೆರೆತರೆ, ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಕಟ್ಟುತ್ತದೆ. ಪಾತ್ರೆ ಉಜ್ಜುವಾಗ ಗೀರು ಬಿದ್ದರೂ ಆ ಪದರ ತಾನಾಗಿಯೇ ಮತ್ತೆ ಕೂಡಿಕೊಳ್ಳುತ್ತದೆ.

ಮ್ಯಾಗ್ನೆಟ್‌ನ ಕಥೆಯೇ ಬೇರೆ. 304 ದರ್ಜೆಯ ಸ್ಟೀಲಿನಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಇರುತ್ತದೆ. ನಿಕ್ಕಲ್‌ನಿಂದ ಒಳಗಿನ ಪರಮಾಣುಗಳ ಜೋಡಣೆ ಬದಲಾಗುವುದರಿಂದ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಬಗ್ಗಿಸಿದ ಅಂಚಿನಲ್ಲಿ ಮಾತ್ರ ಸ್ವಲ್ಪ ಎಳೆಯಬಹುದು. 430ರಲ್ಲಿ ಕ್ರೋಮಿಯಂ ಶೇ. 16ರಿಂದ 18, ನಿಕ್ಕಲ್ ಹೆಚ್ಚುಕಮ್ಮಿ ಇಲ್ಲ. ಇದಕ್ಕೆ ಮ್ಯಾಗ್ನೆಟ್ ಗಟ್ಟಿಯಾಗಿ ಅಂಟುತ್ತದೆ, ಆದರೂ ಅಸಲಿ ಸ್ಟೇನ್‌ಲೆಸ್. ಇಂಡಕ್ಷನ್ ಒಲೆಯ ಪಾತ್ರೆಗೆ ಇಂಥ ತಳವೇ ಬೇಕು, ಅಲ್ವಾ?

ಇನ್ನೊಂದು ಕಡೆ, ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಜಾಸ್ತಿ ಹಾಕಿದ 202 ದರ್ಜೆಗೆ ಮ್ಯಾಗ್ನೆಟ್ ಅಂಟುವುದಿಲ್ಲ. ತುಕ್ಕು ತಡೆಯುವುದರಲ್ಲಿ ಅದು 304ಕ್ಕಿಂತ ಕೆಳಗೆ.

ಸ್ಟೀಲಿನ ನಿಜವಾದ ಶತ್ರು ಉಪ್ಪು. ಅದರಲ್ಲಿರುವ ಕ್ಲೋರೈಡ್ ಆ ಪದರವನ್ನು ಅಲ್ಲಲ್ಲಿ ಒಡೆಯುತ್ತದೆ. ನಮ್ಮ ಮನೆಯಲ್ಲಿ ಕಲ್ಲುಪ್ಪು ಹಾಕಿಟ್ಟ ಡಬ್ಬಿಯ ತಳದಲ್ಲಿ ಸೂಜಿ ಚುಚ್ಚಿದಂಥ ಕಂದು ಗುಳಿಗಳು ಬಿದ್ದಿವೆ. ಆ ಡಬ್ಬಿಗೆ ಮ್ಯಾಗ್ನೆಟ್ ಅಂಟುವುದೇ ಇಲ್ಲ. ಉಪ್ಪು ಈಗ ಭರಣಿಗೆ ಹೋಗಿದೆ.