ಬಂದವರೇ ಮತ್ತೆ ಮತ್ತೆ ಯಾಕೆ ಬರ್ತಾರೆ?

ಆಸ್ಪತ್ರೆಯಲ್ಲಿ ರಶ್ ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ. ಡಾಕ್ಟರ್ ಕಡಿಮೆ, ಬೆಡ್ ಕಡಿಮೆ, ಜನ ಜಾಸ್ತಿ. ಎಲ್ಲ ನಿಜಾನೇ. ಆದರೆ ಹಾಸನದಲ್ಲಿ ಮೆಡಿಕಲ್ ಇಟ್ಟುಕೊಂಡಿರುವ ನನಗೆ ಕೌಂಟರ್ ಹಿಂದೆ ನಿಂತು ಇನ್ನೊಂದು ಕಾಣುತ್ತದೆ. ಬೆಳಿಗ್ಗೆ ಓಪಿಡಿ ಚೀಟಿಗೆ ನಿಲ್ಲುವವರಲ್ಲಿ ಬಹಳ ಜನ ಹೋದ ಸಲವೇ ಮುಗಿಯಬೇಕಾದ ಕೆಲಸ ಮುಗಿಯದೆ ತಿರುಗಿ ಬಂದವರು.

ಥೈರಾಯ್ಡ್ ಮಾತ್ರೆಯನ್ನೇ ನೋಡಿ. ಖಾಲಿ ಹೊಟ್ಟೆಯಲ್ಲಿ ನುಂಗಿ ಅಂತ ಹೇಳಿ ಕಳಿಸುತ್ತಾರೆ. ಆಮೇಲೆ ಅರ್ಧದಿಂದ ಒಂದು ಗಂಟೆ ಕಾಫಿನೂ ಕುಡಿಯಬೇಡಿ ಅನ್ನೋದು ಎಷ್ಟೋ ಸಲ ಬಿಟ್ಟು ಹೋಗುತ್ತದೆ. ನಮ್ಮ ಕಡೆ ಕಾಫಿಯನ್ನು ತಿಂಡಿ ಲೆಕ್ಕಕ್ಕೆ ಯಾರು ಸೇರಿಸುತ್ತಾರೆ ಹೇಳಿ? "ಏನೂ ತಿಂದಿಲ್ಲ ಅಣ್ಣಾ, ಬರೀ ಕಾಫಿ ಅಷ್ಟೇ" ಅನ್ನುತ್ತಾರೆ. ಅವರ ಮಟ್ಟಿಗೆ ಅದು ಖಾಲಿ ಹೊಟ್ಟೆಯೇ. ಕಾಫಿ ಜೊತೆ ಹೋದ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಆರೆಂಟು ವಾರ ಬಿಟ್ಟು ಟಿಎಸ್‌ಎಚ್, ಅಂದರೆ ಥೈರಾಯ್ಡ್ ನೋಡುವ ರಕ್ತ ಪರೀಕ್ಷೆ, ಮಾಡಿಸಿದರೆ ಅಂಕಿ ಇಳಿದಿರುವುದಿಲ್ಲ. ಡೋಸ್ ಏರಿಸುತ್ತಾರೆ. ಮತ್ತೆ ಆರೆಂಟು ವಾರ, ಮತ್ತೆ ರಕ್ತ, ಮತ್ತೆ ಚೀಟಿ. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಹೇಳಿ ಕಾಫಿಯನ್ನು ತಡವಾಗಿ ಕುಡಿಯತೊಡಗಿದರು ಅಂದುಕೊಳ್ಳಿ, ಆಗ ಏರಿಸಿದ ಡೋಸ್ ಹೆಚ್ಚಾಗಿ ಎದೆ ಡವಡವ ಅಂತ ಇನ್ನೊಂದು ಸಲ ಬರುತ್ತಾರೆ! ಒಂದು ಮಾತು ಹೇಳದೆ ಬಿಟ್ಟಿದ್ದಕ್ಕೆ ಡಾಕ್ಟರ್, ಲ್ಯಾಬ್, ನಾನು, ಎಲ್ಲರಿಗೂ ಕೆಲಸ.

ಬಿಪಿ ಮಾತ್ರೆಯದು ಬೇರೆ ಕಥೆ. ಈ ಸಲ ಬೇರೆ ಕಂಪನಿಯದು ಕೊಟ್ಟಿರುತ್ತಾರೆ. ಒಳಗಿನ ಔಷಧಿ ಅದೇ, ಹೆಸರು ಬೇರೆ, ಬಣ್ಣ ಬೇರೆ. ಹಳೇದು ನಿಲ್ಲಿಸಿ ಅಂತ ಯಾರೂ ಹೇಳದಿದ್ದರೆ ಮನೆಯಲ್ಲಿ ಎರಡನ್ನೂ ನುಂಗುತ್ತಾರೆ, ತಲೆ ಸುತ್ತಿ ಬೀಳುತ್ತಾರೆ, ರಾತ್ರಿ ಎಮರ್ಜೆನ್ಸಿಗೆ ಬರುತ್ತಾರೆ.

ಇನ್ನು ಸಕಲೇಶಪುರದ ಆಚೆ ಎಸ್ಟೇಟಿನಿಂದ ಶುಗರ್ ಟೆಸ್ಟಿಗೆ ಅಂತ ಮೊದಲ ಬಸ್ಸಿಗೆ ಹೊರಟು ಬರುವವರು. ದಾರಿಯಲ್ಲಿ ಎರಡು ಇಡ್ಲಿ ತಿಂದಿರುತ್ತಾರೆ. ಲ್ಯಾಬಿನಲ್ಲಿ "ತಿಂದು ಬಂದಿದೀರಾ? ನಾಳೆ ಖಾಲಿ ಹೊಟ್ಟೆಯಲ್ಲಿ ಬನ್ನಿ" ಅಂತಾರೆ. ಸಕಲೇಶಪುರದಿಂದಲೇ ಇಲ್ಲಿಗೆ ಸುಮಾರು 40 ಕಿಲೋಮೀಟರ್. ಬಸ್ ಚಾರ್ಜು ಹೋಯಿತು, ಆ ದಿನದ ಕೂಲಿನೂ ಹೋಯಿತು. ನಾಳೆ ಅವರು ಬರ್ತಾರೆ ಅಂತ ಏನು ಗ್ಯಾರಂಟಿ? ಎಷ್ಟೋ ಜನ ಬರೋದೇ ಇಲ್ಲ. ಶುಗರ್ ಏರಿ ಕಾಲಿನ ಗಾಯ ಮಾಯದಿದ್ದಾಗ ಬರುತ್ತಾರೆ, ಆಗ ಕೆಲಸ ಹತ್ತರಷ್ಟು.

ಸೇವೆ ಕೊಡುವ ಸಂಸ್ಥೆಗಳಲ್ಲಿ ಕೆಲಸ ಹೇಗೆ ನಡೆಯುತ್ತದೆ ಅಂತ ಅಧ್ಯಯನ ಮಾಡಿದ ಬ್ರಿಟನ್ನಿನ ಜಾನ್ ಸೆಡ್ಡನ್ ಎಂಬುವವರು ಇಂಥದ್ದನ್ನು 'ಫೇಲ್ಯೂರ್ ಡಿಮ್ಯಾಂಡ್' ಅಂತ ಕರೆದಿದ್ದಾರೆ. ಮಾಡಬೇಕಾದ್ದನ್ನು ಮಾಡದೆ, ಇಲ್ಲವೇ ಸರಿಯಾಗಿ ಮಾಡದೆ ಬಿಟ್ಟಿದ್ದರಿಂದ ಹುಟ್ಟುವ ಕೆಲಸ. ಅಲ್ಲೂ ಬೆಳಿಗ್ಗೆ 8 ಗಂಟೆಗೆ ಡಾಕ್ಟರ್ ಅಪಾಯಿಂಟ್‌ಮೆಂಟಿಗೆ ಫೋನ್ ಹಚ್ಚುತ್ತಾರೆ. ಸಿಗದವರು ಮರುದಿನ 8 ಗಂಟೆಗೆ ಮತ್ತೆ ಹಚ್ಚುತ್ತಾರೆ. ಕಾಯಿಲೆ ಒಂದೇ, ಫೋನ್ ಮಾತ್ರ ಹಲವು. ಶ್ರೀಮಂತ ದೇಶದ್ದೂ ಇದೇ ಗೋಳು ಅನ್ನಿ.

"ಜನ ಹೇಳಿದ್ದು ಕೇಳಲ್ಲ" ಅಂತ ಒಂದು ಸಿದ್ಧ ಉತ್ತರ ಇದೆ. ನಾನು ಒಪ್ಪಲ್ಲ. 67 ದೇಶಗಳ ಲೆಕ್ಕ ನೋಡಿ 2017ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಡಾಕ್ಟರ್ ಒಬ್ಬ ರೋಗಿಗೆ ಕೊಡುವ ಸಮಯ ಸ್ವೀಡನ್ನಿನಲ್ಲಿ ಇಪ್ಪತ್ತೆರಡೂವರೆ ನಿಮಿಷ, ನಮ್ಮಲ್ಲಿ ಸುಮಾರು 2 ನಿಮಿಷ. ಅಷ್ಟರಲ್ಲಿ ಏನು ಹೇಳಿದರೋ, ಇವರು ಏನು ಕೇಳಿಸಿಕೊಂಡರೋ. ಡಾಕ್ಟರನ್ನು ಬೈಯೋಕೂ ಮನಸ್ಸು ಬರಲ್ಲ, ಹೊರಗೆ ಇನ್ನೂ ನೂರು ಜನ ನಿಂತಿರುತ್ತಾರೆ. ಆದರೆ ಇದನ್ನೆಲ್ಲ ಡಾಕ್ಟರೇ ಹೇಳಬೇಕು ಅಂತ ಎಲ್ಲಿದೆ? ನರ್ಸ್ ಹೇಳಬಹುದು, ಔಷಧಿ ಕೊಡುವ ನಮ್ಮಂಥವರು ಹೇಳಬಹುದು. ಹೇಳಿದ ಮೇಲೆ "ಮನೆಗೆ ಹೋಗಿ ಹೇಗೆ ತಗೋತೀರಾ, ಒಂದ್ಸಲ ಹೇಳಿ ನೋಡೋಣ" ಅಂತ ಕೇಳಿದರೆ ಗೊತ್ತಾಗಿಬಿಡುತ್ತದೆ. "ಅರ್ಥ ಆಯ್ತಾ?" ಅಂದರೆ ಎಲ್ಲರೂ ಹೂಂ ಅಂತಾರೆ, ಅದರಿಂದ ಏನೂ ಪ್ರಯೋಜನ ಇಲ್ಲ.

ಕೆಲವಕ್ಕೆ ಮಾತೂ ಬೇಡ. ಬಿಪಿ, ಶುಗರ್ ಇರುವವರಿಗೆ ಹತ್ತು ದಿನಕ್ಕೆ ಮಾತ್ರೆ ಕೊಟ್ಟರೆ ತಿಂಗಳಿಗೆ ಮೂರು ಸಲ ಅದೇ ಮನುಷ್ಯ ಅದೇ ಕ್ಯೂನಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಕೇಂದ್ರ ಆರೋಗ್ಯ ಸಚಿವಾಲಯ ಸೇರಿ 2017ರಲ್ಲಿ ಶುರು ಮಾಡಿದ ಬಿಪಿ ಕಾರ್ಯಕ್ರಮದಲ್ಲಿ 30 ದಿನದ್ದು ಒಟ್ಟಿಗೆ ಕೊಡಬೇಕು ಅಂತಲೇ ಇದೆ. ಸ್ಟಾಕ್ ಇಲ್ಲ ಅಂತ ಎಷ್ಟೋ ಕಡೆ ಅದು ಆಗುವುದಿಲ್ಲ.

ನನಗೆ ಜಾಸ್ತಿ ಸಿಟ್ಟು ಬರೋದು ಲೆಕ್ಕದ ವಿಷಯಕ್ಕೆ. ಮೂರು ಸಲ ಬಂದ ಒಬ್ಬ ಮನುಷ್ಯ ಪುಸ್ತಕದಲ್ಲಿ ಮೂರು ಓಪಿಡಿ ಆಗುತ್ತಾನೆ. ಅಂಕಿ ಏರುತ್ತದೆ, ಕೆಲಸ ಚೆನ್ನಾಗಿ ನಡೆದ ಹಾಗೆ ಕಾಣುತ್ತದೆ. ಚೀಟಿ ಬರೆಯುವ ಕೌಂಟರಿನಲ್ಲಿ ಒಂದು ತಿಂಗಳ ಮಟ್ಟಿಗೆ "ಹೋದ ಸಲ ಬಂದಾಗ ಯಾವ ಕೆಲಸ ಆಗಲಿಲ್ಲ?" ಅಂತ ಕೇಳಿ ಬರೆದುಕೊಳ್ಳಲಿ. ಮಾತ್ರೆ ಇರಲಿಲ್ಲ, ರಿಪೋರ್ಟ್ ಸಿಗಲಿಲ್ಲ, ತಿಂದು ಬಂದಿದ್ದೆ, ರೇಷನ್ ಕಾರ್ಡ್ ತಂದಿರಲಿಲ್ಲ, ಹೀಗೆ. ಹೊಸ ಬಿಲ್ಡಿಂಗ್ ಕೇಳುವ ಮೊದಲು ಆ ಪಟ್ಟಿಯನ್ನು ಒಂದು ಸಲ ಓದಿದರೆ ಸಾಕು.