ಔಟರ್‌ನಲ್ಲಿ ನಿಂತ ಗಾಡಿ

ಹೋದ ಡಿಸೆಂಬರ್‌ನಲ್ಲಿ ರಜೆಗೆ ಬೆಂಗಳೂರಿಗೆ ಬಂದವನು ಚೆನ್ನೈಯಲ್ಲಿ ರೈಲು ಹತ್ತಿದೆ. ಕೆ.ಆರ್. ಪುರಕ್ಕೆ ಟೈಮಿಗೆ ಮುಂಚೆಯೇ ಬಂತು. ಆಮೇಲೆ ದಂಡು ಸ್ಟೇಷನ್ನಿನ ಈಚೆ ನಿಂತಿತು ನೋಡಿ, ಅಲುಗಾಡಲಿಲ್ಲ. ಬ್ಯಾಗು ಇಳಿಸಿಕೊಂಡು ಬಾಗಿಲಿಗೆ ಬಂದಿದ್ದವರೆಲ್ಲ ಒಬ್ಬೊಬ್ಬರಾಗಿ ವಾಪಸ್ ಹೋಗಿ ಕೂತರು. ಅಮ್ಮನ ಫೋನು: "ಎಲ್ಲಿದೀಯೋ?" "ಔಟರ್‌ನಲ್ಲಿ ಹಾಕಿದಾರಮ್ಮ." "ಹಾಗಾದ್ರೆ ಅನ್ನಕ್ಕೆ ಆಮೇಲೆ ಇಡ್ತೀನಿ." ಸ್ಟೇಷನ್ನಿಗೆ ಮುಂಚಿನ ಸಿಗ್ನಲ್ ಬಳಿ ಗಾಡಿ ನಿಲ್ಲಿಸುವ ಜಾಗವೇ ಔಟರ್; ಅಲ್ಲಿ ಎಷ್ಟು ಹೊತ್ತು ಅನ್ನೋದು ಅವರಿಗೆ ಬಾಯಿಪಾಠ.

ತಮಾಷೆ ಏನೆಂದರೆ, ಮೆಜೆಸ್ಟಿಕ್‌ನಲ್ಲಿ ಇಳಿದಾಗ ಮೊಬೈಲು ತೋರಿಸಿದ್ದು ಸರಿಯಾದ ಸಮಯ! ಕೊನೆಯ ಹದಿನಾಲ್ಕು ಕಿ.ಮೀ.ಗೆ ವೇಳಾಪಟ್ಟಿಯಲ್ಲೇ ಧಾರಾಳವಾಗಿ ನಿಮಿಷ ತುಂಬಿಸಿಟ್ಟಿರುತ್ತಾರೆ. ಹತ್ತಕ್ಕೆ ಮುಹೂರ್ತವಿದ್ದರೆ ಎಂಟಕ್ಕೇ ಬನ್ನಿ ಅನ್ನುವ ನಂಟರ ಹಾಗೆ. ಯಾವ ಗಾಡಿ ಮೊದಲು ಅನ್ನುವ ಜಂಕ್ಷನ್ನಿನ ಜಗಳವನ್ನು ಕಾಗದದ ಮೇಲೆ ಬಿಡಿಸುವ ಬದಲು ಸಿಗ್ನಲ್ ಕಂಬದ ಬುಡದಲ್ಲಿ ಬಿಡಿಸುತ್ತೇವೆ.

ನಾನಿರುವ ಜ್ಯೂರಿಕ್‌ನಲ್ಲಿ ಲೆಕ್ಕ ತಿರುಗಾಮುರುಗಾ. ಸ್ವಿಟ್ಜರ್ಲೆಂಡಿನಲ್ಲಿ 1982ರಿಂದ ಗಾಡಿಗಳು ಗಂಟೆಗಂಟೆಗೂ ಅದೇ ನಿಮಿಷಕ್ಕೆ ಓಡುತ್ತವೆ. ದೊಡ್ಡ ಜಂಕ್ಷನ್‌ಗೆ ಎಲ್ಲ ದಿಕ್ಕಿನವೂ ಗಂಟೆ ತುಂಬುವ ಮುಂಚೆ ಬಂದು, ಜನ ಗಾಡಿ ಬದಲಿಸಿದ ಮೇಲೆ ಹೊರಡುತ್ತವೆ. ಇದು ಕೂಡಿಬರಬೇಕಾದರೆ ಜ್ಯೂರಿಕ್‌ನಿಂದ ಬರ್ನ್‌ಗೆ ಒಂದು ಗಂಟೆಯೊಳಗೆ ಮುಟ್ಟಬೇಕಿತ್ತು. ಹಾಗಾಗಿ ಮೊದಲು ವೇಳಾಪಟ್ಟಿ ಬರೆದರು, 1987ರಲ್ಲಿ ಜನರ ಮತ ಕೇಳಿದರು, ಆಮೇಲೆ ಆ ದಾರಿಯ ಮಾಟ್‌ಸ್ಟೆಟನ್–ರೋಥ್ರಿಸ್ಟ್ ನಡುವೆ ಸುಮಾರು 45 ಕಿ.ಮೀ. ಹೊಸ ಹಳಿ ಹಾಕಿದರು. 2004ರ ಡಿಸೆಂಬರ್‌ನಲ್ಲಿ ಪ್ರಯಾಣ 56 ನಿಮಿಷಕ್ಕೆ ಇಳಿಯಿತು. ಇನ್ನೂ ವೇಗ ಬೇಕು ಅಂತ ಯಾರೂ ಒದ್ದಾಡಲಿಲ್ಲ. ಗಂಟೆಯೊಳಗೆ ಬಂದರೆ ಸಾಕಿತ್ತು.

ಒಪ್ಪುತ್ತೇನೆ, ಆ ದೇಶ ಕರ್ನಾಟಕದ ಕಾಲು ಭಾಗವೂ ಇಲ್ಲ. ಗುವಾಹಟಿಯಿಂದ ಎರಡು ದಿನ ಓಡಿ ಬರುವ ಗಾಡಿ ನಿಮಿಷ ತಪ್ಪಬಾರದು ಅಂದರೆ ನಗೆಪಾಟಲು. ಜಂಕ್ಷನ್ನಿನ ಇಕ್ಕಟ್ಟೂ ಇದೆ, ಯಶವಂತಪುರವನ್ನೇ ನೋಡಿ: ತುಮಕೂರಿನ ಕಡೆಯದು, ಹೆಬ್ಬಾಳ-ಯಲಹಂಕದ ಕಡೆಯದು, ಮೆಜೆಸ್ಟಿಕ್‌ನದು, ಮೂರೂ ಅಲ್ಲೇ ಕೂಡುತ್ತವೆ. ಒಂದು ಗಾಡಿ ಇನ್ನೊಂದರ ದಾರಿಗೆ ಅಡ್ಡ ಹಾಯುವಷ್ಟು ಹೊತ್ತೂ ಆ ಇನ್ನೊಂದು ಕಾಯಲೇಬೇಕು. 2022ರಲ್ಲಿ ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ ಶುರುವಾಗಿ ದೂರದ ಕೆಲವು ಗಾಡಿಗಳು ಅತ್ತ ಹೋದವು, ಅಷ್ಟು ಒಳ್ಳೆಯದಾಯಿತು.

ನನ್ನ ಆಸೆಯೆಲ್ಲ ಉಪನಗರ ರೈಲಿನ ಮೇಲೆ. 148 ಕಿ.ಮೀ., ನಾಲ್ಕು ಕಾರಿಡಾರ್, ತನ್ನದೇ ಹಳಿ. ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ. ಅಸ್ಸಾಮಿನಿಂದ ತಡವಾಗಿ ಬರುವ ಗಾಡಿಯ ನೆಪ ಇಲ್ಲಿ ನಡೆಯುವುದಿಲ್ಲ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಚೆಂದದ ಹೆಸರನ್ನೂ ಇಟ್ಟಾಗಿದೆ. ಸಂಪಿಗೆಯೂ ಮಲ್ಲಿಗೆಯೂ ಯಶವಂತಪುರದಲ್ಲಿ ಸೇರುತ್ತವೆ. ಯಾವ ನಿಮಿಷಕ್ಕೆ ಅಂತ ಈಗಲೇ ಯಾರಾದರೂ ಬರೆದಿಟ್ಟಿದ್ದಾರೆಯೇ?