ಪಾಸ್‌ವರ್ಡ್ ಕೊಟ್ಟವರು ಹೊರಗೆ

ಪಾಸ್‌ವರ್ಡ್ ಯಾರಿಗೂ ಹೇಳಬೇಡಿ ಎಂದು ಬ್ಯಾಂಕಿನವರು ಎಸ್ಸೆಮ್ಮೆಸ್ ಮೇಲೆ ಎಸ್ಸೆಮ್ಮೆಸ್ ಕಳಿಸುತ್ತಾರೆ. ಯಾರೂ ಓದುವುದಿಲ್ಲ. ಅದರ ಬದಲು ಮಹುವಾ ಮೊಯಿತ್ರಾ ಅವರ ಫೋಟೊ ಒಂದನ್ನು ಕಳಿಸಿದ್ದರೆ ಸಾಕಿತ್ತು. ದುಡ್ಡು ಹೋಗುತ್ತದೆ ಅಂದರೆ ಜಗ್ಗದ ಜನ, ಲೋಕಸಭೆಯ ಸೀಟೇ ಹೋಗುತ್ತದೆ ಅಂದರೆ ಎದ್ದು ಕೂತಾರು.

ಕಥೆ ಗೊತ್ತಿದ್ದದ್ದೇ. ಪಶ್ಚಿಮ ಬಂಗಾಳದ ಕೃಷ್ಣನಗರದ ಈ ತೃಣಮೂಲ ಸಂಸದೆ ಸಂಸತ್ತಿಗೆ ಪ್ರಶ್ನೆ ಕಳಿಸುವ ಪೋರ್ಟಲ್‌ನ ತಮ್ಮ ಲಾಗಿನ್ ಅನ್ನು ಉದ್ಯಮಿ ದರ್ಶನ್ ಹೀರಾನಂದಾನಿಗೆ ಕೊಟ್ಟರು, ಅದು ದುಬೈಯಲ್ಲಿ ತೆರೆದುಕೊಂಡಿತು, ಪ್ರಶ್ನೆಗಳಲ್ಲಿ ಅದಾನಿ ವಿಷಯವೂ ಇತ್ತು. ಪ್ರಶ್ನೆ ಕೇಳಲು ದುಡ್ಡು ತಗೊಂಡರು ಅನ್ನುವುದು ಆರೋಪ, ಅದನ್ನು ಅವರು ಅಲ್ಲಗಳೆದರು. ಲಾಗಿನ್ ಕೊಟ್ಟದ್ದನ್ನು ತಾವೇ ಒಪ್ಪಿಕೊಂಡರು. ಟೈಪ್ ಮಾಡಿಕೊಡುವವರು ಬೇಕಿತ್ತಂತೆ. ಜೆ.ಪಿ. ಮಾರ್ಗನ್‌ನಲ್ಲಿ ವೈಸ್ ಪ್ರೆಸಿಡೆಂಟ್ ಆಗಿದ್ದವರಿಗೆ ಟೈಪಿಸ್ಟ್ ಸಿಕ್ಕಿದ್ದು ಕೋಟ್ಯಧಿಪತಿಯ ಆಫೀಸಿನಲ್ಲಿ! ಇದನ್ನು ಸಮರ್ಥಿಸುವ ಹಣೆಬರಹ ಈ ಅಂಕಣಕ್ಕಿಲ್ಲ.

ಆದರೆ ಇಷ್ಟೆಲ್ಲ ರಂಪಕ್ಕೆ ಕಾರಣವಾದ ಆ ಪ್ರಶ್ನೆ ಅನ್ನುವ ಪದಾರ್ಥ ತಯಾರಾಗುವ ಬಗೆ ನೋಡಿ. ಕನಿಷ್ಠ 15 ದಿನ ಮೊದಲೇ ಪೋರ್ಟಲ್‌ಗೆ ಹಾಕಬೇಕು. ಸಂಸದರ ಮೊಬೈಲ್‌ಗೆ ಬರುವ ಒಟಿಪಿ ಕೊಡದೆ ಅದು ಸಲ್ಲಿಕೆ ಆಗುವುದಿಲ್ಲ ಎಂಬುದು ಮಹುವಾ ಅವರದೇ ವಾದ. ಆಮೇಲೆ ಲಾಟರಿ. ಅದೃಷ್ಟ ಖುಲಾಯಿಸಿದರೆ ದಿನದ 20 ಚುಕ್ಕೆ ಗುರುತಿನ ಪ್ರಶ್ನೆಗಳಲ್ಲಿ ಜಾಗ. ಸಚಿವರು ಎದ್ದು ನಿಂತು ಬಾಯಿಬಿಡಬೇಕು, ಉಪಪ್ರಶ್ನೆಯನ್ನೂ ಸಹಿಸಬೇಕು. ಇಲ್ಲದಿದ್ದರೆ ಚುಕ್ಕೆ ಇಲ್ಲದ 230ರ ರಾಶಿಗೆ, ಲಿಖಿತ ಉತ್ತರಕ್ಕೆ. ಆ ಇಪ್ಪತ್ತರಲ್ಲೂ ಹನ್ನೊಂದರಿಂದ ಹನ್ನೆರಡರೊಳಗೆ ಸದನದಲ್ಲಿ ಉತ್ತರ ಕಾಣುವುದು ಕೆಲವೇ ಕೆಲವು, ಅದೂ ಗದ್ದಲ ಇಲ್ಲದಿದ್ದರೆ. ಲಿಖಿತ ಉತ್ತರದ ಜನಪ್ರಿಯ ನಮೂನೆ ಹೀಗಿರುತ್ತದೆ: ‘(ಎ)ಯಿಂದ (ಡಿ): ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು.’ ಇಂಥ ಉತ್ತರಕ್ಕೂ ಯಾರೋ ದುಡ್ಡು ಕೊಡುತ್ತಾರೆ ಎಂದರೆ ದೇಶದ ಆರ್ಥಿಕತೆ ನಿಜಕ್ಕೂ ಚೆನ್ನಾಗಿದೆ.

ಇನ್ನು, ಎಲ್ಲ ಸಂಸದರೂ ರಾತ್ರಿ ಕೂತು ತಮ್ಮ ಪ್ರಶ್ನೆಯನ್ನು ತಾವೇ ಕುಟ್ಟುತ್ತಾರೆ ಎಂದು ನಂಬುವ ಮುಗ್ಧರು ದೆಹಲಿಯಲ್ಲಿ ಯಾರೂ ಇಲ್ಲ. ಆಪ್ತ ಸಹಾಯಕರಿದ್ದಾರೆ, ಇಂಟರ್ನ್‌ಗಳಿದ್ದಾರೆ. ಲಾಗಿನ್ ಬೇರೆಯವರಿಗೆ ಕೊಡಬಾರದೆಂಬ ನಿಯಮ ಎಲ್ಲಿದೆ ತೋರಿಸಿ ಎಂದು ಮಹುವಾ ಕೇಳಿದರು. ಅದಕ್ಕೂ ಮಾಹಿತಿ ಸಂಗ್ರಹಿಸಲಾಗುತ್ತಿದ್ದಿರಬೇಕು.

ದೂರು ವಿಚಾರಿಸಿದ ಲೋಕಸಭೆಯ ನೈತಿಕ ಸಮಿತಿ, ಮಹುವಾ ಅವರನ್ನು ಉಚ್ಚಾಟಿಸಿ ಎಂಬ ವರದಿಯನ್ನು ಆರು–ನಾಲ್ಕು ಮತದಲ್ಲಿ ಒಪ್ಪಿತು. 2023ರ ಡಿಸೆಂಬರ್ 8ರಂದು ಮಧ್ಯಾಹ್ನ 12ಕ್ಕೆ ಮಂಡನೆ, 2ಕ್ಕೆ ಚರ್ಚೆ. ಪುಟಗಳು 495. ಊಟ ಬಿಟ್ಟು ಓದಿದರೂ ನಿಮಿಷಕ್ಕೆ ನಾಲ್ಕು ಪುಟ. ಪರೀಕ್ಷೆಯ ದಿನ ಬಸ್ಸಿನಲ್ಲಿ ಗೈಡ್ ತಿರುವುವ ಹುಡುಗರಿಗೂ ಈ ವೇಗ ಇರಲಿಕ್ಕಿಲ್ಲ. ನಮ್ಮ ಧಾರವಾಡದ ಪ್ರಲ್ಹಾದ ಜೋಶಿಯವರು ಉಚ್ಚಾಟನೆಯ ನಿರ್ಣಯ ಮಂಡಿಸಿದರು, ಧ್ವನಿಮತದಲ್ಲಿ ಪಾಸಾಯಿತು. ಆರೋಪಿಗೆ ಮಾತಾಡಲು ಅವಕಾಶ? 2005ರಲ್ಲೂ ಕೊಟ್ಟಿರಲಿಲ್ಲವಲ್ಲ ಎಂದರು ಸರ್ಕಾರದ ಕಡೆಯವರು. ಆಗ ಹೊರಬಿದ್ದವರು ಎರಡೂ ಸದನದ 11 ಮಂದಿ, ಪ್ರಶ್ನೆ ಕೇಳಲು ನೋಟು ತೆಗೆದುಕೊಂಡದ್ದು ಕ್ಯಾಮೆರಾದಲ್ಲಿತ್ತು. ಶಿಕ್ಷೆ ಅತಿಯಾಯಿತು ಎಂದು ಅಂದು ಲೋಕಸಭೆಯಿಂದ ಎದ್ದು ಹೋದ ಪಕ್ಷ ಬಿಜೆಪಿ. ಪೂರ್ವನಿದರ್ಶನದ ಆ ಪುಟ ಮಾತ್ರ ಅಂಟಿಕೊಂಡಿತ್ತೇನೋ.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಚಂದ್ರಯಾನದ ಚರ್ಚೆಯ ನಡುವೆ, ಬಿಜೆಪಿಯ ರಮೇಶ್ ಬಿಧೂಡಿ ಅವರು ಬಿಎಸ್‌ಪಿಯ ಡ್ಯಾನಿಶ್ ಅಲಿ ಅವರನ್ನು ಧರ್ಮ ಹಿಡಿದು ಬೈದಿದ್ದರು. ಡ್ಯಾನಿಶ್ ನಮಗೇನು ಹೊಸಬರಲ್ಲ, ಗೌಡರ ಜೆಡಿಎಸ್‌ನಲ್ಲಿ ಬಹಳ ಕಾಲ ಓಡಾಡಿದವರು. ಬೈದವರು ವಿಷಾದ ವ್ಯಕ್ತಪಡಿಸಿದರು, ಸೀಟು ಭದ್ರ. ಬೈಸಿಕೊಂಡವರು ಇದೇ ನೈತಿಕ ಸಮಿತಿಯಲ್ಲಿದ್ದರು. ವರದಿ ಅವರಿಗೇ ಛೀಮಾರಿ ಹಾಕಲು ಶಿಫಾರಸು ಮಾಡಿತು. ಮಹುವಾ ಉಚ್ಚಾಟನೆಯ ಮರುದಿನ ಬಿಎಸ್‌ಪಿಯೂ ಅವರನ್ನು ಅಮಾನತು ಮಾಡಿತು. ನೈತಿಕತೆಗೆ ಇದಕ್ಕಿಂತ ಸೇವೆ ಬೇಕೆ?

ರಾಷ್ಟ್ರೀಯ ಭದ್ರತೆಗೆ ಧಕ್ಕೆ ಎಂದು ಲಾಗಿನ್‌ಗೆ ಬೀಗ ಜಡಿದ ಐದೇ ದಿನಕ್ಕೆ, ಡಿಸೆಂಬರ್ 13ರಂದು, ಇಬ್ಬರು ಪ್ರೇಕ್ಷಕರ ಗ್ಯಾಲರಿಯಿಂದ ಸದನಕ್ಕೇ ಧುಮುಕಿ ಹಳದಿ ಹೊಗೆ ಬಿಟ್ಟರು. ಪಾಸಿಗೆ ಶಿಫಾರಸು ನಮ್ಮ ಮೈಸೂರಿನ ಆಗಿನ ಸಂಸದ ಪ್ರತಾಪ ಸಿಂಹ ಅವರದು. ಆ ಅರ್ಜಿಯಲ್ಲಿ ಸಂಸದರು ‘ಇವರು ನನಗೆ ಖುದ್ದು ಗೊತ್ತು, ಪೂರ್ಣ ಹೊಣೆ ನನ್ನದು’ ಎಂದು ಸಹಿ ಹಾಕಬೇಕು. ಹೊಣೆ ಎಲ್ಲಿ ಹೋಯಿತು ಎಂದು ಯಾವ ಸಮಿತಿಯೂ 495 ಪುಟ ಬರೆಯಲಿಲ್ಲ. ಪಾಸ್‌ವರ್ಡ್ ಕೊಟ್ಟವರು ಹೊರಗೆ, ಪಾಸ್ ಕೊಟ್ಟವರು ಒಳಗೆ.

ಸಾಕು ತಮಾಷೆ. ಹೊಗೆಯ ಬಗ್ಗೆ ಗೃಹ ಸಚಿವರು ಬಂದು ಮಾತಾಡಲಿ ಅಂದದ್ದಕ್ಕೆ ಎರಡೂ ಸದನದಿಂದ 146 ವಿರೋಧ ಪಕ್ಷದವರನ್ನು ಅಮಾನತು ಮಾಡಿದರು. ವಿರೋಧ ಪಕ್ಷದ ಅರ್ಧ ಖಾಲಿ ಬೆಂಚುಗಳ ಮುಂದೆ ಡಿಸೆಂಬರ್ 20ರಂದು ಲೋಕಸಭೆ ಮೂರು ಹೊಸ ಅಪರಾಧ ಕಾನೂನುಗಳನ್ನು ಒಪ್ಪಿತು. ನಾಳೆ ಯಾವ ಪೊಲೀಸ್ ಠಾಣೆಗೆ ನೀವು ಹೋದರೂ ಅನ್ವಯವಾಗುವ ಕಾನೂನು ಅದು! ಯಾರಿಗೂ ನಾಚಿಕೆ ಆಗಲಿಲ್ಲ.

2024ರಲ್ಲಿ ಕೃಷ್ಣನಗರದವರು ಮಹುವಾ ಅವರನ್ನು 56,705 ಮತಗಳ ಅಂತರದಿಂದ ಗೆಲ್ಲಿಸಿ ಲೋಕಸಭೆಗೆ ವಾಪಸ್ ಕಳಿಸಿದರು. ನೈತಿಕ ಸಮಿತಿಯ ಅಧ್ಯಕ್ಷರಾಗಿದ್ದ ಬಿಜೆಪಿಯ ವಿನೋದ್ ಸೋನ್ಕರ್ ಕೌಶಾಂಬಿಯಲ್ಲಿ ಸೋತರು. ಇದನ್ನು ದೈವನ್ಯಾಯ ಎಂದು ಕುಣಿಯುವವರು ಇನ್ನೊಂದು ಸಂಗತಿಯನ್ನೂ ಓದಿಕೊಳ್ಳಲಿ. ಅಮಾನತಾದ ಸಂಸದರು ತಮ್ಮದೇ ಲಾಗಿನ್ನಿನಲ್ಲಿ, ತಮ್ಮದೇ ಒಟಿಪಿ ಒತ್ತಿ, ನಿಯಮದ ಪ್ರಕಾರ ಕಳಿಸಿದ್ದ ಪ್ರಶ್ನೆಗಳನ್ನೂ ಆಗ ಪಟ್ಟಿಯಿಂದ ತೆಗೆದುಹಾಕಿದರು.